ಓಬವ್ವ: ಹೆಸರಿನ ಅರ್ಥ, ಮೂಲ, ಬಳಕೆ – ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದಲ್ಲಿ ಈ ಹೆಸರು ಕ್ರೀಡಾಂಗಣದ ಬೋರ್ಡಿನಲ್ಲಿದೆ, ಜಿಲ್ಲಾಧಿಕಾರಿ ಕಚೇರಿಯ ಮುಂದಿನ ಪ್ರತಿಮೆಗಿದೆ, ಕೋಟೆಯ ಕಿಂಡಿಗಿದೆ. ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಹುಡುಕಿದರೂ ಸಿಗುವುದು ಅಪರೂಪ. ಮಗಳಿಗೆ ಓಬವ್ವ ಎಂದೇ ಇಡಬೇಕು ಅನ್ನುವವರು, ಅಜ್ಜಿಯ ಹೆಸರಿನ ಬೇರು ಯಾವುದು ಎಂದು ಕೆದಕುವವರು, ಅರ್ಜಿಯಲ್ಲಿ ಹೆಸರು ತಪ್ಪಾಗಿ ಬಿದ್ದು ಅಲೆಯುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಓಬವ್ವ ಅಂದರೆ ಅರ್ಥವೇನು?

ಓಬ + ಅವ್ವ. 'ಅವ್ವ' ಎಲ್ಲರಿಗೂ ಗೊತ್ತು. 'ಓಬ' ಎಂಬುದು 'ಓಬಳ'ದ ಮೊಟಕು ರೂಪ, ಓಬಳ ಎಂಬುದು 'ಅಹೋಬಲ'ದ ತದ್ಭವ. ಅಹೋಬಲ ಆಂಧ್ರದ ನರಸಿಂಹ ಕ್ಷೇತ್ರ. ಆದ್ದರಿಂದ ಓಬವ್ವ ಎಂದರೆ ಅಹೋಬಲದ ದೇವರ ಹೆಸರು ಹೊತ್ತ ಹೆಣ್ಣುಮಗಳು. ನರಸವ್ವ ಎಂಬ ಹೆಸರಿಗೂ ಇದಕ್ಕೂ ದೇವರು ಒಬ್ಬನೇ, ದಾರಿ ಬೇರೆ: ನರಸವ್ವನದು ದೇವರ ಹೆಸರಿನಿಂದ ಬಂದದ್ದು, ಓಬವ್ವನದು ದೇವರಿರುವ ಬೆಟ್ಟದ ಹೆಸರಿನಿಂದ.

ಅಹೋಬಲಕ್ಕೆ ಎರಡು ಅರ್ಥ ಹೇಳುತ್ತಾರೆ. ಹಿರಣ್ಯಕಶಿಪುವನ್ನು ಸೀಳಿದ ನರಸಿಂಹನನ್ನು ಕಂಡು ದೇವತೆಗಳು 'ಅಹೋ! ಬಲಂ' ಎಂದು ಉದ್ಗರಿಸಿದರು ಎಂಬುದು ಒಂದು. ಗುಹೆಯಲ್ಲಿ ದೇವರಿರುವುದರಿಂದ 'ಅಹೋ ಬಿಲ' ಎಂಬುದು ಇನ್ನೊಂದು. ಈಗ ಊರಿನ ಹೆಸರನ್ನು ಬರೆಯುವುದು ಅಹೋಬಿಲ ಎಂದೇ. ಬಲ, ಬಿಲ ಎರಡೂ ನಮ್ಮ ದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿದ ಶತ್ರುಗಳನ್ನು ಒನಕೆಯಿಂದ ಬಡಿದ ಓಬವ್ವನ ಕತೆಗೆ ಎಷ್ಟು ಚೆನ್ನಾಗಿ ಹೊಂದುತ್ತವೆಂದರೆ, ಆ ಘಟನೆಯಿಂದಲೇ ಹೆಸರು ಹುಟ್ಟಿತೇನೋ ಎಂದು ಕೆಲವರು ನಂಬಿಬಿಡುತ್ತಾರೆ. ಹಾಗಲ್ಲ. ಕಿಂಡಿಯ ಘಟನೆಗಿಂತ ಹೆಸರು ಶತಮಾನಗಳಷ್ಟು ಹಳೆಯದು.

ಅಹೋಬಲ 'ಓಬ' ಆದದ್ದು ಹೇಗೆ?

ಮೂರು ಮೆಟ್ಟಿಲು. ಮೊದಲು 'ಲ' ಹೋಗಿ 'ಳ' ಬಂತು. ಹಳಗನ್ನಡದಲ್ಲಿ ಕಮಲ 'ಕಮಳ' ಆದ ಹಾಗೆ ಅಹೋಬಲ 'ಅಹೋಬಳ' ಆಯಿತು. ಆಮೇಲೆ ಮೊದಲಿನ ಅಕಾರವೂ ಹಕಾರದ ಉಸಿರೂ ಬಿದ್ದುಹೋಗಿ 'ಓಬಳ' ಉಳಿಯಿತು. ಕೊನೆಗೆ ಹನುಮಂತ 'ಹನುಮ' ಆದಂತೆ, ನರಸಿಂಹ 'ನರಸ' ಆದಂತೆ, ಓಬಳ 'ಓಬ' ಆಯಿತು. ಓಬ + ಅವ್ವ ಸೇರಿದಾಗ ಒಂದು ಅಕಾರ ಬಿಟ್ಟುಹೋಗುತ್ತದೆ, ಶಾಲೆಯಲ್ಲಿ ಕಲಿತ ಲೋಪಸಂಧಿ.

ಒಂದೇ ಬೇರಿನ ಹೆಸರುಗಳು ಈ ಸೀಮೆಯಲ್ಲಿ ತುಂಬಾ ಇವೆ: ಓಬಣ್ಣ, ಓಬಯ್ಯ, ಓಬಳಪ್ಪ, ಓಬಳೇಶ, ಓಬಕ್ಕ, ಓಬಮ್ಮ, ಓಬಳಮ್ಮ. ಊರುಗಳೂ ಇವೆ. ಚಳ್ಳಕೆರೆ ತಾಲ್ಲೂಕಿನ ಓಬಳಾಪುರ, ಮೊಳಕಾಲ್ಮೂರು ತಾಲ್ಲೂಕಿನ ಚಿಕ್ಕೋಬನಹಳ್ಳಿ, ಚಿತ್ರದುರ್ಗ ತಾಲ್ಲೂಕಿನ ಓಬವ್ವನಾಗತಿಹಳ್ಳಿ.

ಆಂಧ್ರದ ಬೆಟ್ಟದ ಹೆಸರು ಚಿತ್ರದುರ್ಗಕ್ಕೆ ಹೇಗೆ ಬಂತು?

ಅಹೋಬಲ ಇರುವುದು ಈಗಿನ ನಂದ್ಯಾಲ ಜಿಲ್ಲೆಯಲ್ಲಿ; 2022ಕ್ಕೆ ಮೊದಲು ಅದು ಕರ್ನೂಲು ಜಿಲ್ಲೆ. ನಲ್ಲಮಲ ಕಾಡಿನ ನಡುವೆ ಒಂಬತ್ತು ನರಸಿಂಹ ಗುಡಿಗಳಿವೆ. ವಿಜಯನಗರದ ಕಾಲದಲ್ಲಿ ಆ ಬೆಟ್ಟವೂ ನಮ್ಮ ದುರ್ಗವೂ ಒಂದೇ ರಾಜ್ಯದೊಳಗಿದ್ದವು. ಗಡಿ ಎಂಬುದು ಆಮೇಲಿನ ಮಾತು. ಈಗಲೂ ಚಳ್ಳಕೆರೆ, ಮೊಳಕಾಲ್ಮೂರಿನ ಪೂರ್ವದ ಹಳ್ಳಿಗಳಲ್ಲಿ ಕನ್ನಡ–ತೆಲುಗು ಎರಡೂ ಮನೆಮಾತು. ಅತ್ತ ಓಬುಲೇಸು, ಓಬುಲಮ್ಮ. ಇತ್ತ ಓಬಳೇಶ, ಓಬಮ್ಮ.

ಇನ್ನೊಂದು ಕಾರಣ ಕಾಡಿನ ಕತೆ. ಅಹೋಬಲದ ನರಸಿಂಹ ಚೆಂಚು ಬೇಟೆಗಾರರ ಹೆಣ್ಣನ್ನು ಮದುವೆಯಾದ, ಅವಳೇ ಚೆಂಚುಲಕ್ಷ್ಮಿ ಎಂಬ ಐತಿಹ್ಯ ಇದೆ. ಬೇಡ ನಾಯಕರ ಸೀಮೆಯಲ್ಲಿ ಇಂಥ ದೇವರು ನೆಂಟನಾಗುವುದು ಸಹಜ.

ಪಾಳೆಯಗಾರರ ವಂಶಾವಳಿಯನ್ನೇ ನೋಡಿ. ಮನೆತನದ ಮೂಲ ತಿರುಪತಿ ಕಡೆಯ ಜಡಿಕಲ್ಲುದುರ್ಗ, ಅಲ್ಲಿಂದ ಬಂದು ಈಗಿನ ದಾವಣಗೆರೆ ತಾಲ್ಲೂಕಿನ ನೀರ್ಥಡಿಯಲ್ಲಿ ನೆಲೆನಿಂತರು ಎಂಬುದು ಪ್ರತೀತಿ. ದುರ್ಗದಲ್ಲಿ ಆಳ್ವಿಕೆ ಶುರುಮಾಡಿದವನು ಮತ್ತಿ ತಿಮ್ಮಣ್ಣ ನಾಯಕ. ಮತ್ತಿಯೂ ದಾವಣಗೆರೆ ತಾಲ್ಲೂಕಿನದೇ ಊರು. ಅವನ ಮಗ ಓಬಣ್ಣ ನಾಯಕ, ಆಳಿದ್ದು 1588ರಿಂದ 1602. ಅಪ್ಪನಿಗೆ ತಿರುಮಲೆಯ ಹೆಸರು, ಮಗನಿಗೆ ಅಹೋಬಲದ ಹೆಸರು, ಮೊಮ್ಮಗ ಕಸ್ತೂರಿ ರಂಗಪ್ಪನಿಗೆ ರಂಗನಾಥನ ಹೆಸರು. ಅರಮನೆಯಲ್ಲಿ ಓಡಾಡಿದ ಹೆಸರು ಕೇರಿಗಳಲ್ಲಿ ಉಳಿಯುವುದಕ್ಕೆ ಇಷ್ಟು ಸಾಕು.

ಇದು ಹಳ್ಳಿಗಾಡಿನ ಹೆಸರಲ್ಲವೇ?

ಈ ಪ್ರಶ್ನೆಗೆ ವಿಜಯನಗರದ ಅರಮನೆ ಉತ್ತರ ಕೊಡುತ್ತದೆ. ತುಳುವ ನರಸನಾಯಕನಿಗೆ ಮೂವರು ರಾಣಿಯರು. ತಿಪ್ಪಾಂಬೆ ವೀರನರಸಿಂಹನ ತಾಯಿ, ನಾಗಲಾಂಬೆ ಕೃಷ್ಣದೇವರಾಯನ ತಾಯಿ, ಓಬಾಂಬಿಕೆ ಅಚ್ಯುತದೇವರಾಯನ ತಾಯಿ. ಅಚ್ಯುತರಾಯ ಪಟ್ಟಕ್ಕೆ ಬಂದದ್ದು 1529ರಲ್ಲಿ.

ಶಾಸನ ಬರೆಯುವ ಕವಿ ಸಂಸ್ಕೃತಕ್ಕೆ ಒಗ್ಗಿಸಲು 'ಅಂಬೆ', 'ಅಂಬಿಕೆ' ಎಂದು ಹಾಕುತ್ತಾನೆ. ಆ ಬಾಲ ತೆಗೆದು ಅವ್ವ ಹಚ್ಚಿ ನೋಡಿ: ತಿಪ್ಪವ್ವ, ನಾಗವ್ವ, ಓಬವ್ವ. ಜಗಳೂರಿನ ಸಂತೆಯಲ್ಲಿ ಮೂವರೂ ಸೊಪ್ಪು ಮಾರುತ್ತ ಕೂತಿರಬಹುದು. ಹೆಸರು ಹಳ್ಳಿಯದ್ದೋ ಅರಮನೆಯದ್ದೋ ಎಂಬುದು ಬರೆದವರ ಕೈಯಲ್ಲಿತ್ತು, ಅಷ್ಟೆ.

'ಒನಕೆ' ಹೆಸರಿನ ಭಾಗವೇ?

ಅಲ್ಲ. ಅದು ಬಿರುದು. ಆಕೆ ಕೋಟೆ ಕಾಯುತ್ತಿದ್ದ ಕಹಳೆ ಮುದ್ದಹನುಮನ ಹೆಂಡತಿ. 'ಕಹಳೆ'ಯೂ ಕೆಲಸದಿಂದ ಬಂದ ವಿಶೇಷಣವೇ. ಕೊನೆಯ ಮದಕರಿ ನಾಯಕನ ಕಾಲದಲ್ಲಿ ಹೈದರಾಲಿಯ ಸೈನಿಕರು ಬಂಡೆಗಳ ನಡುವಿನ ಕಿಂಡಿಯಲ್ಲಿ ನುಸುಳುತ್ತಿದ್ದಾಗ, ಗಂಡ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ ನೀರಿಗೆಂದು ತಣ್ಣೀರುದೋಣಿಯ ಕಡೆ ಹೋದ ಓಬವ್ವ ಅದನ್ನು ಕಂಡು, ಒನಕೆ ಹಿಡಿದು ಕಿಂಡಿಯಲ್ಲಿ ತಲೆ ತೂರಿಸಿದವರನ್ನು ಒಬ್ಬೊಬ್ಬರನ್ನಾಗಿ ಬಡಿದು ಕೊಂದಳು ಎಂಬುದು ದುರ್ಗದ ಜನ ಹೇಳಿಕೊಂಡು ಬಂದ ಕತೆ. ಜಾಗ ಈಗಲೂ ಇದೆ, ಓಬವ್ವನ ಕಿಂಡಿ ಎನ್ನುತ್ತಾರೆ. ಕೋಟೆ ಕೊನೆಗೆ ಹೈದರನ ಕೈಸೇರಿದ್ದು 1779ರಲ್ಲಿ.

ಜನನ ನೋಂದಣಿಯಲ್ಲಿ 'ಒನಕೆ ಓಬವ್ವ' ಎಂದು ಬರೆಸಲು ಹೊರಡುವ ತಂದೆ ತಾಯಿ ಒಮ್ಮೊಮ್ಮೆ ಸಿಗುತ್ತಾರೆ. ಅಭಿಮಾನ ಸರಿ. ಆದರೆ ಅರ್ಜಿಗಳಲ್ಲಿ 'ಒನಕೆ' ಮೊದಲ ಹೆಸರಾಗಿ, 'ಓಬವ್ವ' ಅಡ್ಡಹೆಸರಾಗಿ ಒಡೆದುಹೋಗುತ್ತದೆ. ಬ್ಯಾಂಕಿನಿಂದ ಬರುವ ಸಂದೇಶ 'ಪ್ರಿಯ ಒನಕೆ' ಎಂದು ಶುರುವಾಗುತ್ತದೆ. ಬರೀ ಓಬವ್ವ ಎಂದಿಡಿ. ಕೇಳಿದವರು ಒನಕೆಯನ್ನು ತಾವೇ ಸೇರಿಸಿಕೊಳ್ಳುತ್ತಾರೆ.

ಓಬವ್ವ ನಾಗತಿ ಮತ್ತು ಒನಕೆ ಓಬವ್ವ ಒಬ್ಬರೇ?

ಬೇರೆ ಬೇರೆ. ನಾಗತಿ ಎಂಬುದು ದುರ್ಗದ ನಾಯಕರ ಮನೆತನದ ಹೆಣ್ಣುಮಕ್ಕಳಿಗೆ, ರಾಣಿಯರಿಗೆ ಸಲ್ಲುತ್ತಿದ್ದ ಗೌರವ. ಓಬವ್ವನಾಗತಿಹಳ್ಳಿ ಎಂಬ ಊರಿನ ಹೆಸರಿನಲ್ಲಿರುವುದು ಅರಮನೆಯ ಓಬವ್ವ. ಕಿಂಡಿಯ ಓಬವ್ವ ಕಾವಲುಗಾರನ ಮನೆಯವಳು, ಆಕೆಗೆ ನಾಗತಿ ಎಂದು ಹಚ್ಚಿದರೆ ತಪ್ಪು. ಶಾಲೆಯ ಭಾಷಣಗಳಲ್ಲಿ ಇಬ್ಬರನ್ನೂ ಕಲಸಿಬಿಡುವುದುಂಟು.

ಹೆಸರು ಯಾವುದಾದರೂ ಒಂದು ಜಾತಿಗೆ ಸೇರಿದ್ದೇ?

ಇಲ್ಲ. ಒನಕೆ ಓಬವ್ವ ಛಲವಾದಿ ಸಮುದಾಯದವಳು. ನಾಗತಿಯರು ನಾಯಕ ಸಮುದಾಯದವರು. ಓಬಾಂಬಿಕೆ ತುಳುವ ಅರಸುಮನೆಯವಳು. ಗಡಿಯಾಚೆಯ ರೆಡ್ಡಿ ಮನೆಗಳಲ್ಲಿ ಓಬುಲಮ್ಮಂದಿರಿದ್ದಾರೆ. ಮನೆದೇವರು ಯಾರು ಎಂಬುದರ ಮೇಲೆ ಹೆಸರು ನಿಂತಿತೇ ಹೊರತು ಕುಲದ ಮೇಲಲ್ಲ.

ಓಬವ್ವ, ಓಬಮ್ಮ, ಓಬಕ್ಕ: ವ್ಯತ್ಯಾಸ ಏನು?

ಅರ್ಥ ಒಂದೇ, ಸೀಮೆ ಬೇರೆ. ಚಿತ್ರದುರ್ಗ–ದಾವಣಗೆರೆ ಇರುವುದೇ ಅವ್ವ–ಅಮ್ಮಗಳ ಗಡಿಯಲ್ಲಿ. ಹರಿಹರ, ಹರಪನಹಳ್ಳಿ, ಜಗಳೂರಿನ ಕಡೆ ಅವ್ವ ಗಟ್ಟಿ. ಹಿರಿಯೂರು, ಹೊಸದುರ್ಗ ದಾಟಿ ತುಮಕೂರಿನತ್ತ ಇಳಿದಂತೆ ಅಮ್ಮ. ಹೀಗಾಗಿ ಒಬ್ಬಳೇ ಮುದುಕಿ ತವರಿನಲ್ಲಿ ಓಬವ್ವ, ಗಂಡನ ಊರಿನಲ್ಲಿ ಓಬಮ್ಮ ಆಗಿರುವುದು ಮಾಮೂಲು. ಕರೆಯುವಾಗ ಇದರಿಂದ ತೊಂದರೆಯಿಲ್ಲ. ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದಾಗ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ) ಮಾಡಿಸುವ ಮಕ್ಕಳಿಗೆ ತೊಂದರೆ. ಎರಡೂ ಹೆಸರು ಒಬ್ಬರದ್ದೇ ಎಂದು ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿ ಕೊಡುವುದು ರೂಢಿಯ ದಾರಿ. ಅಜ್ಜಿ ಬದುಕಿರುವಾಗಲೇ ಆಧಾರ್ ತಿದ್ದಿಸಿದರೆ ಇನ್ನೂ ಸಲೀಸು.

ಈಗ ಎಷ್ಟು ಜನರಿಗೆ ಈ ಹೆಸರಿದೆ?

ಯಾವ ವರ್ಷ ಯಾವ ಹೆಸರು ಎಷ್ಟು ಮಕ್ಕಳಿಗೆ ಬಿತ್ತು ಎಂಬ ಸರ್ಕಾರಿ ಪಟ್ಟಿ ನಮ್ಮಲ್ಲಿ ಪ್ರಕಟವಾಗುವುದಿಲ್ಲ. ಅಂತರ್ಜಾಲದ ಹೆಸರುಪಟ್ಟಿಗಳು ಕೊಡುವ 'ಶೇಕಡಾವಾರು ಜನಪ್ರಿಯತೆ'ಯನ್ನು ಆದ್ದರಿಂದ ನಂಬಬೇಡಿ.

ನಿಮ್ಮ ಊರಿನ ಲೆಕ್ಕ ಬೇಕಾದರೆ ಮತದಾರರ ಪಟ್ಟಿ ನೋಡಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಜಿಲ್ಲೆ, ಕ್ಷೇತ್ರ, ಮತಗಟ್ಟೆ ಆರಿಸಿದರೆ ಕನ್ನಡದ ಪಟ್ಟಿ ಸಿಗುತ್ತದೆ. ಹುಡುಕು ಪೆಟ್ಟಿಗೆಯಲ್ಲಿ ಹೆಸರು ಟೈಪಿಸಿದರೆ ಬಹಳ ಸಲ ಏನೂ ಬರುವುದಿಲ್ಲ, ಏಕೆಂದರೆ ಪುಟಗಳು ಚಿತ್ರರೂಪದಲ್ಲಿರುತ್ತವೆ, ಕಣ್ಣಾಡಿಸಿಯೇ ಓದಬೇಕು. ಓದುವಾಗ ಹೆಸರಿನ ಪಕ್ಕದ ವಯಸ್ಸನ್ನೂ ಗುರುತು ಹಾಕಿಕೊಳ್ಳಿ. 'ಗಂಡನ ಹೆಸರು', 'ತಂದೆಯ ಹೆಸರು' ಇರುವ ಸಾಲನ್ನೂ ಬಿಡಬೇಡಿ. ಅಲ್ಲಿ ಓಬಣ್ಣ, ಓಬಯ್ಯ, ಓಬಳೇಶಪ್ಪ ಕಾಣುತ್ತಾರೆ, ಓಬವ್ವ ಇಲ್ಲದ ಮನೆಯಲ್ಲೂ ಹೆಸರಿನ ಬೇರು ಇರುವುದು ಗೊತ್ತಾಗುತ್ತದೆ. ಓಬವ್ವ, ಓಬಮ್ಮಂದಿರು ಹೆಚ್ಚಾಗಿ ಹಿರಿಯರ ಸಾಲಿನಲ್ಲೇ ಸಿಗುತ್ತಾರೆ.

ಇಷ್ಟು ಪ್ರಸಿದ್ಧ ಹೆಸರನ್ನು ಮಕ್ಕಳಿಗೆ ಯಾಕೆ ಇಡುವುದಿಲ್ಲ?

ಪ್ರಸಿದ್ಧಿಯೇ ಒಂದು ಕಾರಣ. 1972ರಲ್ಲಿ 'ನಾಗರಹಾವು' ಚಿತ್ರದಲ್ಲಿ ನಟಿ ಜಯಂತಿ ಓಬವ್ವನಾಗಿ ಕಾಣಿಸಿಕೊಂಡ ಮೇಲೆ ದುರ್ಗ ನೋಡದವರಿಗೂ ಆಕೆ ಗೊತ್ತಾದಳು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಒನಕೆ ಓಬವ್ವ ಜಯಂತಿ ಆಚರಿಸುತ್ತಿದೆ. ವಿದ್ಯಾರ್ಥಿನಿಲಯದ ಹುಡುಗಿಯರಿಗೆ ಕೊಡುವ ಆತ್ಮರಕ್ಷಣೆ ತರಬೇತಿಗೂ ಆಕೆಯದೇ ಹೆಸರು. ಹೆಸರು ಹೀಗೆ ಒಬ್ಬಳಿಗೇ ಮೀಸಲಾಗಿ ಹೋದಾಗ, ಪಕ್ಕದ ಮನೆಯ ಮಗುವಿಗೆ ಅದು ಹೊಂದುವುದಿಲ್ಲವೇನೋ ಅನ್ನಿಸುತ್ತದೆ.

ಆದರೆ ನಿಜವಾದ ಅಡ್ಡಿ 'ಅವ್ವ'. ಓಬವ್ವ ಮಾತ್ರವಲ್ಲ, ಕೆಂಚವ್ವ, ಕರಿಯವ್ವ, ತಿಪ್ಪವ್ವ, ದುಗ್ಗವ್ವ ಎಲ್ಲ ಒಟ್ಟಿಗೇ ಮರೆಯಾದವು. ತೊಟ್ಟಿಲ ಕೂಸಿಗೆ ಅವ್ವ ಅನ್ನುವುದು ಹೇಗೆ ಎಂದು ಈಗಿನವರಿಗೆ ಮುಜುಗರ. ಹಿಂದಿನವರಿಗೆ ಆ ಮುಜುಗರ ಇರಲಿಲ್ಲ, ಏಕೆಂದರೆ ಅವರು ಕೂಸಿನ ಹೆಸರಿನಲ್ಲಿ ಸತ್ತ ಅವ್ವನನ್ನೇ ಮತ್ತೆ ಕರೆಯುತ್ತಿದ್ದರು. ಮೊಮ್ಮಗಳಿಗೆ ಅಜ್ಜಿಯ ಹೆಸರು ಬೀಳುತ್ತಿದ್ದುದೇ ಹಾಗೆ. ಅದರಲ್ಲೂ ಒಂದು ತೊಡಕಿತ್ತು: ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ, ಮಗುವನ್ನು ಬೈಯುವಾಗಲಂತೂ ಆಗಲೇ ಆಗದು. ಅದಕ್ಕೇ ಓಬವ್ವ ಎಂದು ತೊಟ್ಟಿಲಲ್ಲಿ ಕೂಗಿಸಿಕೊಂಡ ಎಷ್ಟೋ ಮಕ್ಕಳು ಬೀದಿಯಲ್ಲಿ ಪಾಪವ್ವ, ಪುಟ್ಟಿ, ದೊಡ್ಡಿ ಆಗಿ ಬೆಳೆದರು. ಶಾಲೆಗೆ ಸೇರಿಸುವ ದಿನ ಮೇಷ್ಟ್ರಿಗೆ ಹೇಳಿದ್ದು ಆ ಕರೆಯುವ ಹೆಸರನ್ನೇ, ಅಲ್ಲಿಗೆ ಓಬವ್ವ ದಾಖಲೆಯಿಂದ ಹೊರಗೆ.

ಯಾವ ನಕ್ಷತ್ರಕ್ಕೆ ಈ ಹೆಸರು ಬರುತ್ತದೆ?

'ಓ' ರೋಹಿಣಿಯ ಮೊದಲ ಪಾದದ ಅಕ್ಷರ, ವೃಷಭ ರಾಶಿ. ರೋಹಿಣಿಯ ನಾಲ್ಕು ಪಾದಗಳಿಗೆ ಓ, ವಾ, ವೀ, ವೂ. ಇಲ್ಲೊಂದು ತಮಾಷೆ ಇದೆ. ನಮ್ಮ ಕಡೆ ಪದದ ಮೊದಲಿನ 'ಓ'ಗೆ ವಕಾರ ಅಂಟಿಸಿ 'ವೋಬವ್ವ' ಅನ್ನುತ್ತಾರೆ. 'ವೋ' ಮೃಗಶಿರೆಯ ಎರಡನೇ ಪಾದದ ಅಕ್ಷರ. ರಾಶಿ ಬದಲಾಗುವುದಿಲ್ಲ, ನಕ್ಷತ್ರ ಬದಲಾಗುತ್ತದೆ. ಪುರೋಹಿತರಿಗೆ ಹೇಳುವಾಗ ಬರೆದು ಕೊಡಿ. ನಕ್ಷತ್ರ ಹೊಂದದಿದ್ದರೆ ಜಾತಕದ ಹೆಸರು ಬೇರೆ, ಕರೆಯುವ ಹೆಸರು ಬೇರೆ ಮಾಡಿಕೊಳ್ಳುವುದು ಹಳೆಯ ಪದ್ಧತಿಯೇ, ಅದಕ್ಕಾಗಿ ಇಷ್ಟಪಟ್ಟ ಹೆಸರು ಬಿಡಬೇಕಿಲ್ಲ.

ತೊಟ್ಟಿಲ ಶಾಸ್ತ್ರದಲ್ಲಿ ಹೆಸರು ಹೇಗೆ ಇಡುತ್ತಾರೆ?

ಮನೆಮನೆಗೆ ಬೇರೆ. ಹನ್ನೊಂದು ಅಥವಾ ಹದಿಮೂರನೇ ದಿನ, ಅದು ತಪ್ಪಿದರೆ ಮೂರನೇ ಅಥವಾ ಐದನೇ ತಿಂಗಳು. ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಅಥವಾ ಅರಿಶಿನದ ಕೊಂಬಿನಿಂದ ಹೆಸರು ಬರೆಯುತ್ತಾರೆ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೇಳಿ ಆಮೇಲೆ ಗಟ್ಟಿಯಾಗಿ ಕೂಗುತ್ತಾಳೆ. ಓಬವ್ವ ಎಂದು ಅಕ್ಕಿಯಲ್ಲಿ ಬರೆಯುವಾಗ 'ವ್ವ'ದ ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟುಕೊಳ್ಳಿ. ಸಣ್ಣ ತಟ್ಟೆಯಾದರೆ ಒತ್ತು ಅಂಚಿಗೆ ಹೋಗಿ ಫೋಟೋದಲ್ಲಿ 'ಓಬವ' ಉಳಿಯುತ್ತದೆ.

ಬರೆಯುವಾಗ, ಟೈಪಿಸುವಾಗ ಏನು ತಪ್ಪಾಗುತ್ತದೆ?

ಎರಡು ತಪ್ಪುಗಳೇ ಹೆಚ್ಚು. ಮೊದಲನೆಯದು ಹ್ರಸ್ವ: 'ಒಬವ್ವ'. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದಂತೆ ಕನ್ನಡ ಮೂಡಿಸುವ ಮೊಬೈಲ್ ಕೀಲಿಮಣೆಗಳಲ್ಲಿ ಸಣ್ಣ ಓ ಒತ್ತಿದರೆ ಬರುವುದು ಹ್ರಸ್ವ ಒಕಾರ. ಎರಡನೆಯದು ಒತ್ತು ಬಿಡುವುದು: 'ಓಬವ'. ಎರಡೂ ಸೇರಿದರೆ 'ಒಬವ', ಆಗ ಹೆಸರೇ ಇಲ್ಲ.

ಸೈಬರ್ ಅಂಗಡಿಯಲ್ಲಿ ನುಡಿ ಕೀಲಿಮಣೆ ಬಳಸುವವರಿಗೆ ಕ್ರಮ ಹೀಗೆ: ಶಿಫ್ಟ್ ಹಿಡಿದು ಓ, ಆಮೇಲೆ ಬಿ, ವಿ, ಎಫ್, ವಿ. ಎಫ್ ಒತ್ತಿದಾಗ ಅರ್ಧಾಕ್ಷರವಾಗಿ ಮುಂದಿನ ವಕಾರ ಒತ್ತಾಗಿ ಕೂರುತ್ತದೆ. ಮುದ್ರಣಕ್ಕೆ ಮುನ್ನ ಪರದೆಯಲ್ಲಿ ಮೂರು ಅಕ್ಷರ ಕಾಣುತ್ತಿದೆಯೇ, ಕೊನೆಯದಕ್ಕೆ ಒತ್ತಿದೆಯೇ ನೋಡಿ.

ಉಚ್ಚಾರ ಓ–ಬವ್–ವ. ಮೊದಲ ಎರಡು ಗುರು, ಕೊನೆಯದು ಲಘು, ಒಟ್ಟು ಐದು ಮಾತ್ರೆ. 'ಓಬಾವ' ಎಂದು ಎಳೆಯುವುದು ಹೊರಗಿನವರ ಅಭ್ಯಾಸ.

'ಓಬವ್ವನ' ಸರಿಯೋ 'ಓಬವ್ವಳ' ಸರಿಯೋ?

ಓಬವ್ವನ. ಅವ್ವನ ಮನೆ, ಅಮ್ಮನ ಕೈ, ಅಕ್ಕನ ಸೀರೆ ಅನ್ನುವ ಹಾಗೆಯೇ ಓಬವ್ವನ ಕಿಂಡಿ. ಹೆಣ್ಣು ಹೆಸರೆಂದು 'ಳ' ಹಚ್ಚಿ 'ಓಬವ್ವಳ ಸಾಹಸ' ಎಂದು ಬರೆಯುವುದು ಪತ್ರಿಕೆಗಳಲ್ಲೂ ನುಸುಳಿದೆ. ದುರ್ಗದಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಬಹುವಚನದ ಗೌರವಕ್ಕೆ ಓಬವ್ವನವರು.

ಇದೇ ಬೇರಿನ, ಸ್ವಲ್ಪ ಹೊಸತಾಗಿ ಕೇಳುವ ಹೆಸರು ಇದೆಯೇ?

ಓಬಾಂಬಿಕಾ ಇದೆ. ರಾಣಿಯ ಹೆಸರು, ಕಟ್ಟಿದ್ದಲ್ಲ. ಓಬಳಾಂಬೆಯೂ ನಡೆಯುತ್ತದೆ. ಅಹೋಬಲ ಎಂದೇ ಇಡಲು ಕೆಲವರು ನೋಡುತ್ತಾರೆ, ಆದರೆ ಅದು ಗಂಡಸರ ಹೆಸರಾಗಿ ಬಳಕೆಯಲ್ಲಿದೆ. ಓಬಿಕಾ, ಓಬಿಷಾ, ಓಬಶ್ರೀ ಎಂಬಂಥವಕ್ಕೆ ಯಾವ ಅರ್ಥವೂ ಇಲ್ಲ; 'ಓಬ'ವನ್ನು ಅರ್ಧಕ್ಕೆ ಕತ್ತರಿಸಿ ಬಾಲ ಕಟ್ಟಿದರೆ ಬೆಟ್ಟವೂ ಉಳಿಯದು, ಅವ್ವನೂ ಉಳಿಯಳು. ಎರಡು ಹೆಸರು ಜೋಡಿಸುವುದಾದರೆ ಓಬವ್ವನನ್ನು ಹಿಂದಕ್ಕೆ ಹಾಕಬೇಡಿ. 'ಅನನ್ಯ ಓಬವ್ವ' ಎಂದರೆ ಶಾಲೆಯಲ್ಲಿ ಉಳಿಯುವುದು ಅನನ್ಯ ಮಾತ್ರ.

ಮಗುವನ್ನು ಶಾಲೆಯಲ್ಲಿ ಗೇಲಿ ಮಾಡಿದರೆ?

ಮಾಡುತ್ತಾರೆ. 'ಒನಕೆ ಎಲ್ಲಿ?' ಎಂಬುದು ಮೊದಲ ಪ್ರಶ್ನೆ. ಅದು ಒಂದು ವಾರಕ್ಕೆ ಮುಗಿಯುತ್ತದೆ, ಉತ್ತರವೂ ಸುಲಭ. ಕಾಡುವುದು ಇನ್ನೊಂದು: ಮುದ್ದಿಗೆ 'ಓಬಿ' ಎಂದು ಕರೆದರೆ 'ಓಬೀರಾಯನ ಕಾಲದವಳು' ಎಂಬ ಮಾತು ತಾನಾಗಿ ಹಿಂದೆ ಬರುತ್ತದೆ. ಆದ್ದರಿಂದ ಮನೆಯಲ್ಲಿ ಓಬಿ ಬೇಡ. ಓಬು, ಓಬಕ್ಕ, ಅವ್ವಿ ಯಾವುದಾದರೂ ಸರಿ.

ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸುವುದು ಹೇಗೆ?

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದು. ಆಗ ಮಗುವಿಗೆ ಹೆಸರು ಇರಲೇಬೇಕೆಂದಿಲ್ಲ, ಹೆಸರಿನ ಜಾಗ ಖಾಲಿ ಬಿಟ್ಟು ನೋಂದಣಿ ಆಗುತ್ತದೆ. ತೊಟ್ಟಿಲಿಗೆ ಹಾಕುವ ಮೊದಲೇ ಅವಸರದಲ್ಲಿ ಯಾವುದೋ ಹೆಸರು ಬರೆಸಿ ಆಮೇಲೆ ಪರದಾಡುವವರು ಬಹಳ.

ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಹೋದರೆ ಶುಲ್ಕವಿಲ್ಲದೆ ಹೆಸರು ಸೇರಿಸುತ್ತಾರೆ. ಅದು ದಾಟಿದರೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ದಾವಣಗೆರೆ ನಗರದಲ್ಲಿ ಹುಟ್ಟಿದ್ದರೆ ಮಹಾನಗರ ಪಾಲಿಕೆಯ ಜನನ–ಮರಣ ವಿಭಾಗ. ಹಳ್ಳಿಯಾದರೆ ಆ ಊರಿನ ನೋಂದಣಾಧಿಕಾರಿ. ನೆನಪಿಡಬೇಕಾದ್ದು, ಹೋಗಬೇಕಾದ ಜಾಗ ಹುಟ್ಟಿದ ಊರಿನದು, ನೀವು ವಾಸವಿರುವ ಊರಿನದಲ್ಲ. ಜಗಳೂರಿನವರ ಮಗು ದಾವಣಗೆರೆಯ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ದಾಖಲೆ ಇರುವುದು ದಾವಣಗೆರೆಯಲ್ಲಿ.

ಅರ್ಜಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ನಿಮ್ಮ ಕೈಯಲ್ಲೇ, ಬಿಡಿ ಅಕ್ಷರಗಳಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಗುಮಾಸ್ತರು ಕೇಳಿಸಿಕೊಂಡಂತೆ ಒತ್ತುತ್ತಾರೆ, ಅವರದ್ದೂ ತಪ್ಪಲ್ಲ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಕೌಂಟರಿನ ಮುಂದೆಯೇ ನಿಂತು ಓದಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಹುಟ್ಟಿದ ದಿನ, ಸ್ಥಳಕ್ಕೆ ಈ ಪತ್ರವೇ ಆಧಾರ. ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಇದನ್ನೇ ಕೇಳುತ್ತಾರೆ. ಒಮ್ಮೆ ಬರೆಸಿದ ಹೆಸರಿನಲ್ಲಿ ಕೈತಪ್ಪು ತಿದ್ದಿಸುವುದು ಸಾಧ್ಯ, ಹೆಸರನ್ನೇ ಬದಲಿಸುವುದು ಕಷ್ಟ.

ಬೆಳೆದ ಮೇಲೆ ಓಬವ್ವ ಎಂದು ಬದಲಿಸಿಕೊಳ್ಳಬಹುದೇ?

18 ತುಂಬಿದವರು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಿ, ಒಂದು ಕನ್ನಡ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ರಾಜ್ಯಪತ್ರದಲ್ಲಿ ಹಾಕಿಸುವುದು ವಾಡಿಕೆಯ ಕ್ರಮ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹಾಗಾಗಿ ಕಾಗುಣಿತ ಗಟ್ಟಿ ಮಾಡಿಕೊಂಡೇ ಹೋಗಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹಳೆಯ ಹೆಸರಿನಲ್ಲೇ ಉಳಿಯುವುದರಿಂದ ಪ್ರಮಾಣಪತ್ರದ ಮೂಲಪ್ರತಿ, ಪತ್ರಿಕೆಯ ಇಡೀ ಹಾಳೆ (ಕತ್ತರಿಸಿದ ತುಂಡಲ್ಲ) ಜೋಪಾನವಾಗಿಡಿ.

ಇಂಗ್ಲಿಷ್‌ನಲ್ಲಿ ಯಾವ ಕಾಗುಣಿತ?

ಆರು ಅಕ್ಷರ: ಓ, ಬಿ, ಎ, ವಿ, ವಿ, ಎ. ದೀರ್ಘ ತೋರಿಸಲು ಎರಡು ಓ ಹಾಕಿದರೆ ಓದುವವರು 'ಊಬವ್ವ' ಅನ್ನುತ್ತಾರೆ. ಒಂದೇ ವಿ ಹಾಕಿದರೆ 'ಓಬಾವಾ' ಆಗುತ್ತದೆ. ಸಂಖ್ಯಾಶಾಸ್ತ್ರದವರು ಕೊನೆಗೆ ಎಚ್ ಸೇರಿಸಿ ಅನ್ನುವುದುಂಟು. ಸೇರಿಸಿದರೆ ಎಲ್ಲ ದಾಖಲೆಯಲ್ಲೂ ಸೇರಿಸಬೇಕು, ಇಲ್ಲದಿದ್ದರೆ ಒಂದರಲ್ಲೂ ಬೇಡ.

ಅಡ್ಡಹೆಸರಿಲ್ಲದ ಮನೆಗಳು ಒಂದು ವಿಷಯ ಗಮನಿಸಬೇಕು. ಪಾಸ್‌ಪೋರ್ಟಿನಲ್ಲಿ ಬರೀ 'ಓಬವ್ವ' ಎಂಬ ಒಂದೇ ಹೆಸರಿದ್ದರೆ ಕೆಲವು ದೇಶಗಳಲ್ಲಿ ತಡೆಯುತ್ತಾರೆ. ಅರಬ್ ಸಂಯುಕ್ತ ಸಂಸ್ಥಾನ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ನಿರ್ಬಂಧಿಸಿತ್ತು. ಹುಟ್ಟಿದಾಗಲೇ ತಂದೆಯ ಅಥವಾ ತಾಯಿಯ ಹೆಸರನ್ನು ಪೂರ್ತಿಯಾಗಿ ಜೊತೆಗೆ ಬರೆಸಿದರೆ ಒಳ್ಳೆಯದು. ಇನಿಶಿಯಲ್ ಮಾತ್ರ ಬರೆಸಿದರೆ ಪಾಸ್‌ಪೋರ್ಟ್ ಹೊತ್ತಿಗೆ ಅದನ್ನು ಬಿಡಿಸಿ ಬರೆಯಬೇಕಾಗುತ್ತದೆ, ಆಗ ಶಾಲೆಯ ದಾಖಲೆಗೂ ಪಾಸ್‌ಪೋರ್ಟಿಗೂ ತಾಳೆ ತಪ್ಪುತ್ತದೆ.